ಸೆಪ್ಸಿಸ್ ಮತ್ತು ಆಂಟಿಆಕ್ಸಿಡೆಂಟ್: ಇಲಿಯಲ್ಲಿ ಗೆದ್ದದ್ದು ಐಸಿಯುನಲ್ಲಿ ಸೋತದ್ದೇಕೆ?

2016ರ ಡಿಸೆಂಬರಿನಲ್ಲಿ ‘ಚೆಸ್ಟ್’ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಒಂದು ಪ್ರಬಂಧ ಜಗತ್ತಿನ ಐಸಿಯುಗಳಲ್ಲೆಲ್ಲ ಸುದ್ದಿಯಾಯಿತು. ಅಮೆರಿಕದ ವರ್ಜೀನಿಯಾ ರಾಜ್ಯದ ನಾರ್ಫೋಕ್ ನಗರದಲ್ಲಿ ವೈದ್ಯ ಪಾಲ್ ಮಾರಿಕ್ ಮತ್ತು ಸಂಗಡಿಗರು ತೀವ್ರ ಸೆಪ್ಸಿಸ್‌ಗೆ ಸಿಕ್ಕ 47 ರೋಗಿಗಳಿಗೆ ಮೂರು ಮದ್ದುಗಳನ್ನು ಒಟ್ಟಿಗೆ ಕೊಟ್ಟಿದ್ದರು: ರಕ್ತನಾಳದ ಮೂಲಕ ಆರು ಗಂಟೆಗೊಮ್ಮೆ ಒಂದೂವರೆ ಗ್ರಾಂ ವಿಟಮಿನ್ ಸಿ, ಜೊತೆಗೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮತ್ತು ಥಯಮಿನ್, ಅಂದರೆ ವಿಟಮಿನ್ ಬಿ1. ಅವರಲ್ಲಿ ಶೇ 8.5ರಷ್ಟು ಮಂದಿ ಮಾತ್ರ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಅದೇ ಐಸಿಯುನಲ್ಲಿದ್ದ, ಈ ಮೂರು ಮದ್ದು ಸಿಗದ 47 ರೋಗಿಗಳಲ್ಲಿ ಸತ್ತವರು ಶೇ 40.4.

ಮೂರೂ ಅಗ್ಗದ ಮದ್ದುಗಳು, ಯಾವ ಕಂಪನಿಯ ಪೇಟೆಂಟೂ ಇಲ್ಲದವು. ಜಿಲ್ಲಾಸ್ಪತ್ರೆಯ ಔಷಧ ಕಪಾಟಿನಲ್ಲೂ ಸಿಗುವಂಥವು. ಹತ್ತರಲ್ಲಿ ನಾಲ್ವರನ್ನು ಕೊಲ್ಲುತ್ತಿದ್ದ ಕಾಯಿಲೆ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ ಜನರನ್ನು ಕೊಲ್ಲುವಂತಾದರೆ ಅದಕ್ಕಿಂತ ದೊಡ್ಡ ಸುದ್ದಿ ಇನ್ನೇನಿದ್ದೀತು? ಹಲವು ದೇಶಗಳ ವೈದ್ಯರು ಮುಂದಿನ ಅಧ್ಯಯನಕ್ಕೆ ಕಾಯದೆ ಈ ಮಿಶ್ರಣವನ್ನು ಬಳಸತೊಡಗಿದರು. ಆರು ವರ್ಷ ಕಳೆಯುವುದರೊಳಗೆ, ವಿಟಮಿನ್ ಸಿ ಸೆಪ್ಸಿಸ್ ರೋಗಿಗೆ ಕೆಡುಕನ್ನೇ ಮಾಡಬಹುದು ಎಂಬ ಸೂಚನೆ ಇನ್ನೂ ದೊಡ್ಡ ಅಧ್ಯಯನವೊಂದರಿಂದ ಬಂತು. ಈ ಎರಡು ತುದಿಗಳ ನಡುವೆ ನಡೆದದ್ದೇನು ಎಂಬುದು ವೈದ್ಯರಷ್ಟೇ ಕುಟುಂಬಗಳೂ ತಿಳಿಯಬೇಕಾದ ವಿಷಯ. ಏಕೆಂದರೆ ‘ಆಂಟಿಆಕ್ಸಿಡೆಂಟ್’ ಎಂಬ ಹೆಸರು ಐಸಿಯುವಿನಿಂದ ಹಿಡಿದು ಮೆಡಿಕಲ್ ಶಾಪಿನ ಮಾತ್ರೆ ಡಬ್ಬಿಯ ತನಕ ಒಂದೇ ಭರವಸೆಯನ್ನು ಮಾರುತ್ತಿದೆ.

ಸೆಪ್ಸಿಸ್ ಒಂದು ರೋಗಾಣುವಿನ ಹೆಸರಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಮೂತ್ರದ ಸೋಂಕು, ನ್ಯುಮೋನಿಯಾ, ಒಡೆದ ಅಪೆಂಡಿಕ್ಸ್, ಬಾಣಂತಿಯ ಗರ್ಭಕೋಶದ ನಂಜು, ಇವುಗಳಲ್ಲಿ ಯಾವುದರಿಂದಲೂ ಅದು ಹುಟ್ಟಬಹುದು. ಸೋಂಕಿನ ವಿರುದ್ಧ ದೇಹ ಹೂಡಿದ ಪ್ರತಿರೋಧ ಹದ ತಪ್ಪಿ ತನ್ನದೇ ಅಂಗಾಂಗಗಳನ್ನು ಕೆಡಿಸತೊಡಗಿ ಪ್ರಾಣಕ್ಕೆ ಕುತ್ತು ತಂದಾಗ ಅದು ಸೆಪ್ಸಿಸ್. 2016ರಲ್ಲಿ ತಜ್ಞರು ಒಪ್ಪಿಕೊಂಡ ವ್ಯಾಖ್ಯೆಯ ತಿರುಳು ಇಷ್ಟೇ. ರಕ್ತದೊತ್ತಡ ಕುಸಿಯುತ್ತದೆ, ಮೂತ್ರ ನಿಲ್ಲುತ್ತದೆ, ಉಸಿರು ಏರುತ್ತದೆ, ಮನಸ್ಸು ಮಂಕಾಗುತ್ತದೆ. ‘ಲ್ಯಾನ್ಸೆಟ್’ನಲ್ಲಿ 2020ರಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ 2017ರ ಒಂದೇ ವರ್ಷದಲ್ಲಿ 4.89 ಕೋಟಿ ಮಂದಿಗೆ ಸೆಪ್ಸಿಸ್ ತಗುಲಿತ್ತು, 1.1 ಕೋಟಿ ಮಂದಿ ಸತ್ತರು. ಜಗತ್ತಿನ ಪ್ರತಿ ಐದು ಸಾವುಗಳಲ್ಲಿ ಹೆಚ್ಚುಕಮ್ಮಿ ಒಂದು ಸೆಪ್ಸಿಸ್‌ನೊಂದಿಗೆ ತಳಕು ಹಾಕಿಕೊಂಡಿತ್ತು. ಕಾಯಿಲೆ ಬಿದ್ದವರಲ್ಲಿ ಸುಮಾರು 2 ಕೋಟಿ ಜೀವಗಳು ಐದು ವರ್ಷದೊಳಗಿನ ಮಕ್ಕಳು.

ಇಷ್ಟು ಜನರನ್ನು ಬಲಿ ತೆಗೆದುಕೊಳ್ಳುವ ಕಾಯಿಲೆಗೆ ಇವತ್ತಿಗೂ ಅದರದೇ ಆದ ಮದ್ದಿಲ್ಲ. ಸರಿಯಾದ ಆಂಟಿಬಯೋಟಿಕ್, ಡ್ರಿಪ್, ರಕ್ತದೊತ್ತಡ ಎತ್ತಿ ಹಿಡಿಯುವ ನಾರ್‌ಅಡ್ರಿನಲಿನ್, ಕೀವಿದ್ದರೆ ತೆಗೆಯುವ ಶಸ್ತ್ರಚಿಕಿತ್ಸೆ, ಬೇಕಾದರೆ ವೆಂಟಿಲೇಟರ್ ಮತ್ತು ಡಯಾಲಿಸಿಸ್: ಇವೆಲ್ಲ ಸೋಂಕನ್ನು ಹತ್ತಿಕ್ಕುತ್ತ ದೇಹಕ್ಕೆ ಊರುಗೋಲಾಗುವ ಕ್ರಮಗಳು. ಕೆರಳಿದ ಪ್ರತಿರೋಧವನ್ನೇ ತಣಿಸಲು ಹೊರಟ ಔಷಧಗಳು ಒಂದರ ಹಿಂದೊಂದು ಮುಗ್ಗರಿಸಿವೆ. 2001ರಲ್ಲಿ ಭಾರೀ ನಿರೀಕ್ಷೆ ಹುಟ್ಟಿಸಿದ್ದ ‘ಜಿಗ್ರಿಸ್’ ಎಂಬ ದುಬಾರಿ ಔಷಧವನ್ನು, ಪ್ರಯೋಜನವಿಲ್ಲವೆಂದು ನಂತರದ ಅಧ್ಯಯನ ತೋರಿಸಿದ ಮೇಲೆ 2011ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು.

ಆಂಟಿಆಕ್ಸಿಡೆಂಟ್‌ಗಳ ಮೇಲೆ ಆಸೆ ಹುಟ್ಟಿದ್ದು ಗಾಳಿಮಾತಿನಿಂದಲ್ಲ, ಗಟ್ಟಿಯಾದ ಜೀವರಸಾಯನದಿಂದ. ರಕ್ತದ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಬ್ಯಾಕ್ಟೀರಿಯಾವನ್ನು ನುಂಗಿದೊಡನೆ ಆಮ್ಲಜನಕಕ್ಕೆ ಒಂದು ಹೆಚ್ಚುವರಿ ಇಲೆಕ್ಟ್ರಾನ್ ತಗುಲಿಸಿ ಸೂಪರ್‌ಆಕ್ಸೈಡ್ ತಯಾರಿಸುತ್ತದೆ. ಅದರಿಂದ ಹೈಡ್ರೋಜನ್ ಪೆರಾಕ್ಸೈಡ್, ಅದರಿಂದ ಹೈಪೋಕ್ಲೋರಸ್ ಆಮ್ಲ. ಕ್ಲೋರಿನ್ ಬೆರೆಸಿದ ನಲ್ಲಿ ನೀರಿನಲ್ಲಿ ರೋಗಾಣುಗಳನ್ನು ಕೊಲ್ಲುವುದೂ ಇದೇ ಆಮ್ಲ. ಮಲೆನಾಡಿನಲ್ಲಿ ಬೇಸಿಗೆಗೆ ಮುಂಚೆ ಅರಣ್ಯ ಸಿಬ್ಬಂದಿ ಬೆಂಕಿರೇಖೆ ಸುಡುವುದುಂಟು. ಕಾಳ್ಗಿಚ್ಚು ತಡೆಯಲು ತಾವೇ ಹಚ್ಚಿದ ಬೆಂಕಿ ಗಾಳಿಗೆ ಸಿಕ್ಕರೆ ಕಾಡಿಗೇ ನುಗ್ಗುತ್ತದೆ. ಸೆಪ್ಸಿಸ್‌ನಲ್ಲಿ ಆಗುವುದು ಹಾಗೆ. ಆಕ್ಸಿಡೆಂಟ್ ಎನಿಸಿದ ಈ ಉರಿರಾಸಾಯನಿಕಗಳು (ಇವನ್ನು ತಣಿಸುವ ವಸ್ತುವೇ ಆಂಟಿಆಕ್ಸಿಡೆಂಟ್) ಸೋಂಕಿನ ಜಾಗ ಬಿಟ್ಟು ದೇಹದುದ್ದಕ್ಕೂ ಹರಡಿ, ನವಿರಾದ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ನಾಳಗಳು ಸೋರತೊಡಗುತ್ತವೆ, ಮೈ ಊದುತ್ತದೆ.

ಇದೇ ಹೊತ್ತಿಗೆ ರಕ್ತನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ವಿಪರೀತ ತಯಾರಾಗುತ್ತದೆ. ನಾಳಗಳು ಹಿಗ್ಗಿ ರಕ್ತದೊತ್ತಡ ಬೀಳುವುದಕ್ಕೆ ಅದೊಂದು ಮುಖ್ಯ ಕಾರಣ. ಸೂಪರ್‌ಆಕ್ಸೈಡ್ ಜೊತೆ ಅದು ಕೂಡಿದರೆ ಪೆರಾಕ್ಸಿನೈಟ್ರೈಟ್ ಹುಟ್ಟುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ಇದು ಕಡುವೈರಿ. ಲಂಡನ್ನಿನ ಡೇವಿಡ್ ಬ್ರೀಲಿ, ಮರ್ವಿನ್ ಸಿಂಗರ್ ಮತ್ತಿತರರು 28 ಸೆಪ್ಸಿಸ್ ರೋಗಿಗಳ ತೊಡೆಯ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆ ಬಿಗಡಾಯಿಸಿದಷ್ಟೂ ನೈಟ್ರಿಕ್ ಆಕ್ಸೈಡಿನ ಉತ್ಪಾದನೆ ಹೆಚ್ಚಿತ್ತು, ಮೈಟೊಕಾಂಡ್ರಿಯಾದ ಕೆಲಸ ಕುಂದಿತ್ತು. ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಿಯೋನ್ ಬತ್ತಿತ್ತು. ಬದುಕುಳಿದವರಿಗಿಂತ ಸತ್ತವರ ಸ್ನಾಯುವಿನಲ್ಲಿ ಎಟಿಪಿ ಎಂಬ ಶಕ್ತಿಕಣದ ಸಂಗ್ರಹ ಕಡಿಮೆಯಿತ್ತು. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದರೂ ಜೀವಕೋಶ ಅದನ್ನು ಬಳಸಿಕೊಳ್ಳಲಾಗದೆ ಸೊರಗುವ ಈ ಸ್ಥಿತಿ ಸೆಪ್ಸಿಸ್‌ನ ತೀರ ಕ್ರೂರವಾದ ಮುಖ.

ಹೀಗಿರುವಾಗ, ಆಂಟಿಆಕ್ಸಿಡೆಂಟ್ ಆದ ವಿಟಮಿನ್ ಸಿ ಕಡೆಗೆ ಎಲ್ಲರ ಕಣ್ಣು ಹೊರಳಿದ್ದು ಸಹಜ. ನ್ಯೂಜಿಲೆಂಡಿನ ಸಂಶೋಧಕರು 2017ರಲ್ಲಿ ಅಳೆದು ನೋಡಿದಾಗ, ಸೆಪ್ಟಿಕ್ ಶಾಕ್ ಆದವರಲ್ಲಿ, ಅಂದರೆ ಸೆಪ್ಸಿಸ್‌ನಿಂದ ರಕ್ತದೊತ್ತಡ ತೀರ ಕುಸಿದವರಲ್ಲಿ, ನೂರಕ್ಕೆ ಸುಮಾರು ನಲವತ್ತು ಮಂದಿಯ ರಕ್ತದಲ್ಲಿ ವಿಟಮಿನ್ ಸಿ ಸ್ಕರ್ವಿ ರೋಗಿಗಳ ಮಟ್ಟಕ್ಕೆ ಇಳಿದಿತ್ತು. ಐಸಿಯುವಿನ ಸಾಮಾನ್ಯ ನಳಿಕೆ ಆಹಾರ ಆ ಕೊರತೆಯನ್ನು ತುಂಬಲು ಸಾಲುತ್ತಿರಲಿಲ್ಲ. ದೇಹದಲ್ಲಿ ಈ ಜೀವಸತ್ವ ಅತಿ ದಟ್ಟವಾಗಿರುವ ಜಾಗಗಳಲ್ಲೊಂದು ಅಡ್ರಿನಲ್ ಗ್ರಂಥಿ. ಹಂಗೇರಿಯ ಆಲ್ಬರ್ಟ್ ಸೆಂಟ್‌ಗ್ಯೋರ್ಗಿ 1920ರ ದಶಕದ ಕೊನೆಗೆ ಈ ವಸ್ತುವನ್ನು ಮೊದಲು ಬೇರ್ಪಡಿಸಿದವರಲ್ಲಿ ಒಬ್ಬ, ಬಳಸಿದ್ದೂ ಅಡ್ರಿನಲ್ ಗ್ರಂಥಿಗಳನ್ನೇ. ರಕ್ತದೊತ್ತಡ ಕಾಯುವ ನಾರ್‌ಅಡ್ರಿನಲಿನ್ ತಯಾರಾಗಬೇಕಾದರೂ ವಿಟಮಿನ್ ಸಿ ಬೇಕು. ಶಾಕ್‌ನಲ್ಲಿರುವ ರೋಗಿಗೆ ಇದೇ ಕೊರತೆಯಾದರೆ ತುಂಬಿಕೊಡುವುದರಲ್ಲಿ ತಪ್ಪೇನು ಎಂಬ ತರ್ಕಕ್ಕೆ ಎದುರು ಹೇಳುವುದು ಕಷ್ಟ. ಬೆಕ್ಕು, ಇಲಿ, ಆಡುಗಳು ತಮ್ಮ ವಿಟಮಿನ್ ಸಿಯನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮನುಷ್ಯನ ವಂಶವಾಹಿಯಲ್ಲಿ ಆ ಕಿಣ್ವದ ಜೀನ್ ಯಾವ ಕಾಲದಲ್ಲೋ ಕೆಟ್ಟುಹೋಗಿದೆ.

ಆದರೆ ಮಾರಿಕ್ ಅವರ ಅಧ್ಯಯನದ ಕಟ್ಟೋಣದಲ್ಲೇ ದೋಷವಿತ್ತು. ಮದ್ದು ಪಡೆದವರು ಒಂದು ಅವಧಿಯವರು, ಪಡೆಯದವರು ಅದಕ್ಕೂ ಹಿಂದಿನ ಅವಧಿಯವರು. ಯಾರಿಗೆ ಮದ್ದು, ಯಾರಿಗೆ ಬೇಡ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿರಲಿಲ್ಲ. ಋತು, ಸಿಬ್ಬಂದಿ, ಆರೈಕೆಯ ಉತ್ಸಾಹ, ಹರಡಿರುವ ಸೋಂಕು, ಎಲ್ಲವೂ ಎರಡು ಅವಧಿಗಳ ನಡುವೆ ಬದಲಾಗಿರಬಹುದು. ಎರಡೂ ಗುಂಪು ಸೇರಿದರೂ ನೂರು ಮಂದಿ ತುಂಬುವುದಿಲ್ಲ. ಮಾರಿಕ್ ತಂಡವೇ ದೊಡ್ಡ ಅಧ್ಯಯನಗಳು ಬೇಕೆಂದು ಬರೆದಿತ್ತು. ಅವು ನಡೆದವು ಎಂಬುದು ವೈದ್ಯಕೀಯ ಜಗತ್ತಿಗೆ ಗೌರವ ತರುವ ಸಂಗತಿ: ಕಂಪನಿಗಳಿಗೆ ಬಿಡಿಗಾಸೂ ಹುಟ್ಟದ ಒಂದು ಹಳೆಯ ಜೀವಸತ್ವಕ್ಕಾಗಿ ನಾಲ್ಕಾರು ದೇಶಗಳ ವೈದ್ಯರು ಸಾವಿರಾರು ರೋಗಿಗಳನ್ನು ಸೇರಿಸಿ ಉತ್ತರ ಹುಡುಕಿದರು.

ಮೊದಲು ಬಂದದ್ದು ಅಮೆರಿಕದ ಸಿಟ್ರಿಸ್-ಅಲಿ, 2019ರ ಅಕ್ಟೋಬರಿನಲ್ಲಿ. ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟ 167 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ನಾಲ್ಕು ದಿನ ಭಾರೀ ಪ್ರಮಾಣದ ವಿಟಮಿನ್ ಸಿ, ಉಳಿದವರಿಗೆ ಹುಸಿಮದ್ದು. ಅಂಗವೈಫಲ್ಯದ ಅಂಕಗಳಲ್ಲಿ, ಉರಿಯೂತ ಸೂಚಿಸುವ ರಕ್ತಪರೀಕ್ಷೆಯಲ್ಲಿ, ರಕ್ತನಾಳದ ಹಾನಿ ತೋರುವ ಪ್ರೋಟೀನಿನಲ್ಲಿ, ಮೊದಲೇ ಗೊತ್ತುಮಾಡಿಕೊಂಡ ಈ ಮೂರು ಅಳತೆಗಳಲ್ಲೂ ವ್ಯತ್ಯಾಸ ಕಾಣಲಿಲ್ಲ. ಆದರೆ 28 ದಿನಗಳಲ್ಲಿ ಹುಸಿಮದ್ದಿನವರಲ್ಲಿ ಶೇ 46.3, ವಿಟಮಿನ್ ಸಿ ಪಡೆದವರಲ್ಲಿ ಶೇ 29.8 ಮಂದಿ ಸತ್ತಿದ್ದರು. ಇದನ್ನು ಹಿಡಿದು ವಾದ ಶುರುವಾಯಿತು. ಬೇಗ ಸತ್ತವರ ಅಂಗಾಂಗದ ಅಂಕ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ಮುಖ್ಯ ಅಳತೆಯೇ ಮೋಸಮಾಡಿತು ಎಂದು ಒಂದು ಪಕ್ಷ. 46 ಗೌಣ ಅಳತೆಗಳನ್ನು ಇಟ್ಟುಕೊಂಡರೆ ಒಂದೆರಡರಲ್ಲಿ ಅದೃಷ್ಟವಶಾತ್ ಲಾಭ ಕಂಡೇ ಕಾಣುತ್ತದೆ ಎಂದು ಇನ್ನೊಂದು. ಎರಡರಲ್ಲೂ ಹುರುಳಿತ್ತು. ವಾದದಿಂದ ಬಗೆಹರಿಯುವ ಮಾತಾಗಿರಲಿಲ್ಲ ಅದು.

2020ರ ಜನವರಿಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಬ್ರೆಜಿಲ್‌ನ 216 ರೋಗಿಗಳ ‘ವಿಟಮಿನ್ಸ್’ ಅಧ್ಯಯನ ಹೊರಬಂತು. ಮಾರಿಕ್ ಹೇಳಿದ್ದ ಮೂರೂ ಮದ್ದು ಒಂದು ಗುಂಪಿಗೆ, ಬರೀ ಸ್ಟೀರಾಯ್ಡ್ ಇನ್ನೊಂದಕ್ಕೆ. ಏಳು ದಿನಗಳಲ್ಲಿ ರಕ್ತದೊತ್ತಡದ ಔಷಧಿಯ ಹಂಗಿಲ್ಲದೆ ಬದುಕಿದ್ದ ಅವಧಿ ಎರಡೂ ಕಡೆ ನೂರಿಪ್ಪತ್ತು ಗಂಟೆಗಳ ಆಸುಪಾಸಿನಲ್ಲೇ ನಿಂತಿತು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ 205 ರೋಗಿಗಳ ಇನ್ನೊಂದು ಅಧ್ಯಯನ, ಮರುವರ್ಷ 501 ರೋಗಿಗಳ ‘ವಿಕ್ಟಾಸ್’. ಎಲ್ಲೂ ಲಾಭವಿಲ್ಲ.

ನಿಜವಾದ ಆಘಾತ 2022ರ ಜೂನಿನದು. ಕೆನಡಾದ ನೇತೃತ್ವದಲ್ಲಿ ಮೂರು ದೇಶಗಳ 35 ಐಸಿಯುಗಳಲ್ಲಿ ನಡೆದ ‘ಲೊವಿಟ್’ ಅಧ್ಯಯನಕ್ಕೆ 872 ರೋಗಿಗಳು ಸೇರಿದ್ದರು. ದೇಹತೂಕದ ಪ್ರತಿ ಕಿಲೊಗೆ 50 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ನಾಲ್ಕು ದಿನ. 70 ಕಿಲೊ ತೂಕದವರಿಗೆ ದಿನಕ್ಕೆ 14 ಗ್ರಾಂ. ಆರೋಗ್ಯವಂತರಿಗೆ ದಿನಕ್ಕೆ ಬೇಕಾದದ್ದು ನೂರು ಮಿಲಿಗ್ರಾಮಿಗೂ ಕಡಿಮೆ ಎಂಬುದನ್ನು ನೆನೆದರೆ ಈ ಪ್ರಮಾಣದ ಅಗಾಧತೆ ತಿಳಿಯುತ್ತದೆ. 28ನೇ ದಿನಕ್ಕೆ ಒಂದೋ ಸತ್ತವರು, ಇಲ್ಲವೇ ಇನ್ನೂ ಯಂತ್ರ ಮತ್ತು ಔಷಧಿಗಳ ಆಸರೆಯಲ್ಲೇ ಇದ್ದವರು ವಿಟಮಿನ್ ಸಿ ಗುಂಪಿನಲ್ಲಿ ಶೇ 44.5, ಹುಸಿಮದ್ದಿನ ಗುಂಪಿನಲ್ಲಿ ಶೇ 38.5. ಈ ವ್ಯತ್ಯಾಸವನ್ನು ಬರೀ ಆಕಸ್ಮಿಕವೆಂದು ತಳ್ಳಿಹಾಕಲು ಸಂಖ್ಯಾಶಾಸ್ತ್ರ ಬಿಡುವುದಿಲ್ಲ. ಕೆಡುಕು ಹೇಗಾಯಿತೆಂದು ತೋರಿಸುವ ಗುರುತು ಮಾತ್ರ ಸಂಶೋಧಕರು ಅಳೆದ ರಕ್ತದ ಸೂಚಕಗಳಲ್ಲಿ ಸಿಗಲಿಲ್ಲ. ಅಷ್ಟರಲ್ಲಾಗಲೇ, 2021ರ ‘ಸರ್ವೈವಿಂಗ್ ಸೆಪ್ಸಿಸ್’ ಅಂತರರಾಷ್ಟ್ರೀಯ ಮಾರ್ಗಸೂಚಿ ಸೆಪ್ಸಿಸ್‌ಗೆ ಡ್ರಿಪ್ಪಿನಲ್ಲಿ ವಿಟಮಿನ್ ಸಿ ಬೇಡವೆಂದು ಸಲಹೆ ಕೊಟ್ಟಿತ್ತು.

ವಿಟಮಿನ್ ಸಿ ಒಂಟಿಯಾಗಿ ಸೋತದ್ದಲ್ಲ. ಸೆಲೆನಿಯಂ ಎಂಬ ಖನಿಜ ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಕಿಣ್ವದ ಜೀವಾಳ. ಸೆಪ್ಸಿಸ್‌ನಲ್ಲಿ ರಕ್ತದಲ್ಲಿ ಅದರ ಮಟ್ಟವೂ ಕುಸಿಯುತ್ತದೆ. ಜರ್ಮನಿಯಲ್ಲಿ 1089 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸೆಲೆನಿಯಂ ಪಡೆದವರಲ್ಲಿ ಶೇ 28.3, ಪಡೆಯದವರಲ್ಲಿ ಶೇ 25.5 ಮಂದಿ ಸತ್ತರು. ಎರಡರ ನಡುವೆ ಲೆಕ್ಕಕ್ಕೆ ಸಿಗುವ ಅಂತರವಿಲ್ಲ. 2013ರ ‘ರಿಡಾಕ್ಸ್’ ಅಧ್ಯಯನ ಇನ್ನೂ ಎದೆಗಾರಿಕೆಯದು. ಹಲವು ಅಂಗಗಳು ಕೈಕೊಟ್ಟ 1223 ರೋಗಿಗಳಿಗೆ ಸೆಲೆನಿಯಂ, ಸತು, ಬೀಟಾ ಕೆರೋಟಿನ್, ವಿಟಮಿನ್ ಇ ಮತ್ತು ಸಿಗಳ ಮಿಶ್ರಣವನ್ನೂ, ಗ್ಲುಟಾಥಿಯೋನ್ ತಯಾರಿಗೆ ಬೇಕಾದ ಗ್ಲುಟಮಿನ್ ಅನ್ನೂ ಬೇರೆಬೇರೆಯಾಗಿ ಮತ್ತು ಕೂಡಿಸಿ ಕೊಟ್ಟು ನೋಡಲಾಯಿತು. ಆಂಟಿಆಕ್ಸಿಡೆಂಟ್ ಮಿಶ್ರಣ ಯಾವ ಪರಿಣಾಮವನ್ನೂ ಬೀರಲಿಲ್ಲ. ಗ್ಲುಟಮಿನ್ ಪಡೆದವರಲ್ಲಿ ಆರು ತಿಂಗಳ ಹೊತ್ತಿಗೆ ಸಾವು ಹೆಚ್ಚಿತ್ತು.

ಪ್ಯಾರಸಿಟಮಾಲ್ ವಿಷವೇರಿದಾಗ ಯಕೃತ್ತು ಉಳಿಸುವ ಎನ್-ಅಸಿಟೈಲ್ ಸಿಸ್ಟೀನ್ ಕೂಡ ಗ್ಲುಟಾಥಿಯೋನ್ ತುಂಬಿಕೊಡುವ ಮದ್ದೇ. ಅದರ ಬಗ್ಗೆ ಕಾಕ್ರೇನ್ ಸಂಸ್ಥೆ 2012ರಲ್ಲಿ 41 ಅಧ್ಯಯನಗಳನ್ನು, 2768 ರೋಗಿಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಪ್ರಯೋಜನ ಕಾಣಲಿಲ್ಲ, ಕಾಯಿಲೆ ಶುರುವಾಗಿ ಒಂದು ದಿನ ಕಳೆದ ಮೇಲೆ ಕೊಟ್ಟರೆ ಹೃದಯ ಮತ್ತು ರಕ್ತಪರಿಚಲನೆಗೆ ಹಿನ್ನಡೆಯಾಗಬಹುದೆಂಬ ಎಚ್ಚರಿಕೆ ಸಿಕ್ಕಿತು.

ಇಷ್ಟೊಂದು ಸೋಲುಗಳ ಹಿಂದೆ ಒಂದೇ ಕಾರಣವಿರಲಾರದು. ಮೊದಲನೆಯದು ಇಲಿಗಳ ಸಂಗತಿ. ಪ್ರಯೋಗಾಲಯದಲ್ಲಿ ಎಳೆಯ, ಆರೋಗ್ಯವಂತ, ಒಂದೇ ತಳಿಯ ಇಲಿಯ ಕರುಳಿನ ಒಂದು ಭಾಗವನ್ನು ಕಟ್ಟಿ, ಸೂಜಿಯಿಂದ ತೂತು ಮಾಡಿ ಸೆಪ್ಸಿಸ್ ತರಿಸುತ್ತಾರೆ. ಎಷ್ಟೋ ಸಲ ಮದ್ದು ಕೊಡುವುದು ಸೋಂಕಿಗೂ ಮುಂಚೆ, ಇಲ್ಲವೇ ಅದಾದ ಗಂಟೆಯೊಳಗೆ. ಐಸಿಯುಗೆ ಬರುವವರು ಹೆಚ್ಚಾಗಿ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇರುವವರು, ಜ್ವರ ಹಿಡಿದು ಎರಡು ಮೂರು ದಿನ ಊರಿನಲ್ಲೇ ಮಾತ್ರೆ ನುಂಗಿ ಕಳೆದವರು. ಅಷ್ಟು ಹೊತ್ತಿಗೆ ಉರಿರಾಸಾಯನಿಕಗಳು ಮಾಡಬೇಕಾದ ಹಾನಿ ಮಾಡಿ ಮುಗಿಸಿರುತ್ತವೆ. ಜೊತೆಗೆ, ತನ್ನ ವಿಟಮಿನ್ ಸಿಯನ್ನು ತಾನೇ ಮಾಡಿಕೊಳ್ಳುವ ಪ್ರಾಣಿಯಿಂದ ಮನುಷ್ಯನ ಬಗ್ಗೆ ತೀರ್ಮಾನ ತೆಗೆಯುವುದರಲ್ಲೇ ಒಂದು ತೊಡಕಿದೆ.

ಎರಡನೆಯ ಕಾರಣ ಇನ್ನೂ ಆಳದ್ದು, ಈ ಇಡೀ ಪ್ರಶ್ನೆಯ ನಡುಗಂಬ ಅದೇ. ಆಕ್ಸಿಡೆಂಟ್‌ಗಳನ್ನು ಬರೀ ಖಳರಂತೆ ಕಂಡದ್ದು ತಪ್ಪಾಯಿತು. ಕ್ರಾನಿಕ್ ಗ್ರಾನುಲೊಮಾಟಸ್ ಡಿಸೀಸ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯನ್ನು 1950ರ ದಶಕದಲ್ಲಿ ಗುರುತಿಸಲಾಯಿತು. ಅದಿರುವ ಮಕ್ಕಳ ಬಿಳಿ ರಕ್ತಕಣ ಬ್ಯಾಕ್ಟೀರಿಯಾವನ್ನು ನುಂಗಬಲ್ಲದು, ಕೊಲ್ಲಲಾರದು, ಏಕೆಂದರೆ ಸೂಪರ್‌ಆಕ್ಸೈಡ್ ತಯಾರಿಸುವ ಕಿಣ್ವವೇ ಅದರಲ್ಲಿ ಕೆಲಸ ಮಾಡುವುದಿಲ್ಲ. ಸಾಧಾರಣ ಬ್ಯಾಕ್ಟೀರಿಯಾ, ಬೂಷ್ಟು ಸಹ ಈ ಮಕ್ಕಳ ಪ್ರಾಣ ತೆಗೆಯುತ್ತಿತ್ತು. ಉರಿಯನ್ನು ಪೂರ್ತಿ ಆರಿಸಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಕೃತಿಯೇ ತೋರಿಸಿದ ಸಾಕ್ಷ್ಯ ಅದು. ಕೊಲ್ಲುವುದಷ್ಟೇ ಅಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಅಲ್ಪ ಪ್ರಮಾಣದಲ್ಲಿ ಜೀವಕೋಶಗಳೊಳಗೆ ಸಂದೇಶವನ್ನೂ ಒಯ್ಯುತ್ತದೆ. ದೇಹದ ಸ್ವಂತ ರಕ್ಷಣಾ ಕಿಣ್ವಗಳು ಚುರುಕಾಗುವುದು ಆ ಸಂದೇಶದಿಂದಲೇ.

ನೈಟ್ರಿಕ್ ಆಕ್ಸೈಡ್ ವಿಷಯದಲ್ಲಿ ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. ಅದರ ಉತ್ಪಾದನೆಯನ್ನು ತಡೆದರೆ ರಕ್ತದೊತ್ತಡ ಏರಿ ರೋಗಿ ಉಳಿಯಬೇಕು ಎಂಬ ತರ್ಕ ಸ್ಫಟಿಕದಷ್ಟು ಸ್ವಚ್ಛವಾಗಿತ್ತು. ಸೆಪ್ಟಿಕ್ ಶಾಕ್ ಆಗಿದ್ದ 797 ರೋಗಿಗಳ ಅಧ್ಯಯನದಲ್ಲಿ ಆ ತಡೆಮದ್ದು ರಕ್ತದೊತ್ತಡವನ್ನೇನೋ ಏರಿಸಿತು. ಸಾವು ಮಾತ್ರ ಶೇ 49ರಿಂದ 59ಕ್ಕೆ ಏರಿತು. ಅಧ್ಯಯನವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2004ರಲ್ಲಿ ಪೂರ್ತಿ ವಿವರ ಪ್ರಕಟವಾಯಿತು. ಮಾನಿಟರಿನ ಅಂಕಿ ಸುಧಾರಿಸುವುದಕ್ಕೂ ಮನುಷ್ಯ ಬದುಕುವುದಕ್ಕೂ ಎಷ್ಟು ದೂರವಿದೆ ಎಂಬುದನ್ನು ಇದಕ್ಕಿಂತ ಕಟುವಾಗಿ ತೋರಿಸಿದ ಉದಾಹರಣೆ ಈ ಕ್ಷೇತ್ರದಲ್ಲಿ ಕಡಿಮೆ.

ಮೂರನೆಯ ಕಾರಣ ವಿಟಮಿನ್ ಸಿಯ ಗುಣದಲ್ಲೇ ಇದೆ. ಭಾರೀ ಪ್ರಮಾಣದಲ್ಲಿ, ಬಿಡಿ ಕಬ್ಬಿಣದ ಅಂಶವಿರುವ ಕಡೆ, ಅದು ತಾನೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಬಲ್ಲದು. ಹೆಚ್ಚಾದದ್ದು ಆಕ್ಸಲೇಟ್ ಆಗಿ ಕಿಡ್ನಿಯಲ್ಲಿ ಹರಳುಗಟ್ಟುವುದುಂಟು. ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆದುಹೋಗಬಹುದು. ಭಾರತದ ಹಲವು ಸಮುದಾಯಗಳಲ್ಲಿ ಈ ಕೊರತೆ ಇದೆ. ಬೆರಳಿಗೆ ಚುಚ್ಚಿ ಸಕ್ಕರೆ ನೋಡುವ ಕೆಲವು ಯಂತ್ರಗಳು ವಿಟಮಿನ್ ಸಿಯನ್ನೇ ಗ್ಲುಕೋಸ್ ಎಂದು ತಿಳಿದು ಸುಳ್ಳು ಏರಿಕೆ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ರೋಗಿಯ ಸಕ್ಕರೆ ನಿಜಕ್ಕೂ ಪಾತಾಳಕ್ಕಿಳಿಯುತ್ತದೆ. ಐಸಿಯುನಲ್ಲಿ ಪ್ರಜ್ಞೆಯಿಲ್ಲದೆ ಮಲಗಿರುವವರಿಗೆ ಸಕ್ಕರೆ ಇಳಿದದ್ದನ್ನು ಹೇಳಲೂ ಆಗುವುದಿಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಈಗಿನ ಸಂಶೋಧಕರು ಇಡೀ ರಕ್ತಕ್ಕೆ ಆಂಟಿಆಕ್ಸಿಡೆಂಟ್ ಸುರಿಯುವುದನ್ನು ಬಿಟ್ಟು, ಹಾನಿ ಆಗುತ್ತಿರುವ ಜಾಗಕ್ಕೇ ಗುರಿಯಿಡುತ್ತಿದ್ದಾರೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಮರ್ಫಿ ಮತ್ತು ರಾಬಿನ್ ಸ್ಮಿತ್ ರೂಪಿಸಿದ ಮೈಟೊ-ಕ್ಯೂ ಎಂಬ ಅಣುವಿಗೆ ಧನವಿದ್ಯುತ್ತಿನ ಬಾಲವೊಂದಿದೆ. ಅದರ ಬಲದಿಂದ ಅದು ಮೈಟೊಕಾಂಡ್ರಿಯಾದೊಳಗೆ ಹೊರಗಿನದಕ್ಕಿಂತ ನೂರಾರು ಪಟ್ಟು ಹೆಚ್ಚು ಶೇಖರವಾಗುತ್ತದೆ. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹೆಲೆನ್ ಗ್ಯಾಲಿ ಅವರ ತಂಡ ಇದನ್ನು ಸೆಪ್ಸಿಸ್ ತರಿಸಿದ ಇಲಿಗಳಲ್ಲಿ ಪರೀಕ್ಷಿಸಿ ಅಂಗಹಾನಿ ತಗ್ಗಿದ್ದನ್ನು ಕಂಡಿತು. ಇಲಿಯ ಫಲಿತಾಂಶವನ್ನು ಎಷ್ಟು ನಂಬಬಹುದು ಎಂಬ ಮೇಲಿನ ಮಾತು ಇದಕ್ಕೂ ಅನ್ವಯ.

ನಿದ್ರೆಯ ಹಾರ್ಮೋನಾದ ಮೆಲಟೋನಿನ್ ಮೇಲೂ ನಿರೀಕ್ಷೆಯಿದೆ. ಇಟಲಿಯ ಮೆಸೀನಾದ ವೈದ್ಯರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೆಪ್ಸಿಸ್ ಇದ್ದ ಹತ್ತು ನವಜಾತ ಶಿಶುಗಳಿಗೆ ಅದನ್ನು ಕೊಟ್ಟರು, ಹತ್ತಕ್ಕೆ ಕೊಡಲಿಲ್ಲ. ಕೊಡದವುಗಳಲ್ಲಿ ಮೂರು ತೀರಿಕೊಂಡವು, ಕೊಟ್ಟವೆಲ್ಲ ಉಳಿದವು. ಮನಸ್ಸು ತಟ್ಟುವ ಅಂಕಿ. ಆದರೆ 47 ಮತ್ತು 47ರ ಕತೆ ಗೊತ್ತಿರುವವರು ಹತ್ತು ಮತ್ತು ಹತ್ತರ ಮೇಲೆ ಚಿಕಿತ್ಸೆ ಕಟ್ಟುವುದಿಲ್ಲ.

ಹೊರಗಿನಿಂದ ಆಂಟಿಆಕ್ಸಿಡೆಂಟ್ ಸುರಿಯುವುದಕ್ಕಿಂತ, ಆಕ್ಸಿಡೆಂಟ್‌ಗಳಿಗೆ ಮೂಲವಾದ ಆಮ್ಲಜನಕವನ್ನು ಅನಗತ್ಯವಾಗಿ ಸುರಿಯದಿರುವುದು ಲೇಸು ಎಂಬ ವಿಚಾರವೂ ಬಂತು. ಸೆಪ್ಟಿಕ್ ಶಾಕ್‌ನ ಮೊದಲ ದಿನ ವೆಂಟಿಲೇಟರಿನಲ್ಲಿ ಶುದ್ಧ ಆಮ್ಲಜನಕ ಕೊಟ್ಟು ನೋಡಿದ ಫ್ರಾನ್ಸಿನ ಅಧ್ಯಯನವನ್ನು, 442 ರೋಗಿಗಳು ಸೇರಿದ ಹೊತ್ತಿಗೆ ಸುರಕ್ಷತೆಯ ಕಾರಣಕ್ಕೆ ನಿಲ್ಲಿಸಲಾಯಿತು. ಆದರೆ ಎಲ್ಲ ಬಗೆಯ ವೆಂಟಿಲೇಟರ್ ರೋಗಿಗಳಲ್ಲೂ ಆಮ್ಲಜನಕವನ್ನು ಬಿಗಿಹಿಡಿದು ಕೊಡುವುದರಿಂದ ಸಾವು ತಗ್ಗುವುದಿಲ್ಲವೆಂದು ಬ್ರಿಟನ್ನಿನ 16,500 ರೋಗಿಗಳ ಅಧ್ಯಯನ 2025ರಲ್ಲಿ ತಿಳಿಸಿತು.

ಭಾರತದ ಅನುಭವ ಇಲ್ಲಿ ಬೇರೆಯದೇ ದಿಕ್ಕು ತೋರುತ್ತದೆ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ಶಿಂಜಿನಿ ಭಟ್ನಾಗರ್ ಮತ್ತು ಸಂಗಡಿಗರು, ಗಂಭೀರ ಬ್ಯಾಕ್ಟೀರಿಯಾ ಸೋಂಕಿನ ಶಂಕೆಯಿದ್ದ 7ರಿಂದ 120 ದಿನಗಳ 700 ಶಿಶುಗಳಿಗೆ ಆಂಟಿಬಯೋಟಿಕ್ ಜೊತೆ ದಿನಕ್ಕೆ 10 ಮಿಲಿಗ್ರಾಂ ಸತು, ಅಂದರೆ ಜಿಂಕ್, ಅಥವಾ ಹುಸಿಮದ್ದು ಕೊಟ್ಟರು. 2012ರಲ್ಲಿ ಬಂದ ಫಲಿತಾಂಶದಲ್ಲಿ ಚಿಕಿತ್ಸೆ ವಿಫಲವಾದದ್ದು ಜಿಂಕ್ ಪಡೆದವರಲ್ಲಿ ಶೇ 10, ಪಡೆಯದವರಲ್ಲಿ ಶೇ 17. ಸಾವುಗಳಲ್ಲಿನ ವ್ಯತ್ಯಾಸ ಖಚಿತ ತೀರ್ಮಾನಕ್ಕೆ ಸಾಲುವಷ್ಟು ಇರಲಿಲ್ಲ. ಜಿಂಕ್ ಆಂಟಿಆಕ್ಸಿಡೆಂಟ್ ಕಿಣ್ವವಾದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ನ ಒಂದು ಅಂಗ ಹೌದು. ಅಷ್ಟೇ ಮುಖ್ಯವಾಗಿ ರೋಗನಿರೋಧಕ ಕಣಗಳಿಗೆ ಬೇಕೇಬೇಕಾದ ಪೋಷಕಾಂಶ. ನಮ್ಮ ದೇಶದ ಮಕ್ಕಳಲ್ಲಿ ಅದರ ಕೊರತೆ ವ್ಯಾಪಕ. ಕೊರತೆ ಇರುವಲ್ಲಿ, ಕೊರತೆಯಷ್ಟನ್ನೇ ತುಂಬಿದ ಈ ಪ್ರಯತ್ನ ಹತ್ತಾರು ಗ್ರಾಂಗಳ ವಿಟಮಿನ್ ಸಿಗಿಂತ ಹೆಚ್ಚು ಭರವಸೆ ಕೊಡುವಂತಿದೆ. ಥಯಮಿನ್ ವಿಷಯದಲ್ಲೂ ಇದೇ ಸುಳಿವಿದೆ: 2016ರಲ್ಲಿ ಬಂದ 88 ರೋಗಿಗಳ ಅಮೆರಿಕದ ಅಧ್ಯಯನ ಒಟ್ಟಾರೆ ಲಾಭ ಕಾಣದಿದ್ದರೂ, ಥಯಮಿನ್ ಕೊರತೆ ಇದ್ದವರಲ್ಲಿ ಕಾಯಿಲೆಯ ತೀವ್ರತೆ ಸೂಚಿಸುವ ರಕ್ತದ ಲ್ಯಾಕ್ಟೇಟ್ ಇಳಿದದ್ದನ್ನು ದಾಖಲಿಸಿತು.

ಕರ್ನಾಟಕದ ಆಸ್ಪತ್ರೆಗಳಿಗೆ ಬರುವ ಸೆಪ್ಸಿಸ್‌ನಲ್ಲಿ ಸ್ಕ್ರಬ್ ಟೈಫಸ್, ಇಲಿಜ್ವರದಂಥ ಸೋಂಕುಗಳಿಗೂ ಪಾಲಿದೆ. ಅಲ್ಲಿ ತಕ್ಕ ಆಂಟಿಬಯೋಟಿಕ್ ಯಾವುದು ಎಂಬುದೇ ಮುಖ್ಯ ಪ್ರಶ್ನೆ. 2023ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಭಾರತದ ಅಧ್ಯಯನ, ತೀವ್ರ ಸ್ಕ್ರಬ್ ಟೈಫಸ್ ಇದ್ದವರಿಗೆ ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಎರಡನ್ನೂ ಕೂಡಿಸಿ ಕೊಟ್ಟಾಗ ಸಾವು, ಉಳಿದ ಜ್ವರ, ತೊಡಕುಗಳು ಸೇರಿದ ಕೆಟ್ಟ ಫಲಿತಾಂಶ ಶೇ 47-48ರಿಂದ 33ಕ್ಕೆ ಇಳಿದದ್ದನ್ನು ತೋರಿಸಿತು. ಇವೂ ಹಳೆಯ, ಅಗ್ಗದ ಮದ್ದುಗಳೇ. ನಾರ್ಫೋಕ್‌ನ ಪ್ರಬಂಧಕ್ಕೆ ಸಿಕ್ಕ ಪ್ರಚಾರದ ಹತ್ತನೇ ಒಂದು ಭಾಗವೂ ಇದಕ್ಕೆ ಸಿಗಲಿಲ್ಲವೆಂಬುದು ಖೇದದ ಸಂಗತಿ.

ಕೋವಿಡ್ ಕಾಲದಲ್ಲಿ ಇಲ್ಲಿ ವಿಟಮಿನ್ ಸಿ ಮತ್ತು ಜಿಂಕ್ ಮಾತ್ರೆಗಳಿಲ್ಲದ ಮನೆ ವಿರಳವಾಗಿತ್ತು. ಅಮೆರಿಕದಲ್ಲಿ 214 ಹೊರರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಮಾತ್ರೆಗಳು ಕಾಯಿಲೆಯ ದಿನಗಳನ್ನು ಕಡಿಮೆ ಮಾಡಲಿಲ್ಲ. ಆಸ್ಪತ್ರೆ ಸೇರಿದವರ ಮೇಲೆ ನಡೆದ, 2590 ರೋಗಿಗಳ ಇನ್ನೊಂದು ದೊಡ್ಡ ಪರೀಕ್ಷೆಯಲ್ಲೂ ಡ್ರಿಪ್ಪಿನ ವಿಟಮಿನ್ ಸಿ ನೆರವಾಗಲಿಲ್ಲ. ಅರಿಶಿನದ ಕರ್ಕ್ಯುಮಿನ್ ಪರೀಕ್ಷಾನಳಿಕೆಯಲ್ಲಿ ಒಳ್ಳೆಯ ಆಂಟಿಆಕ್ಸಿಡೆಂಟ್; ಬಾಯಿಂದ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ನೆಲ್ಲಿಕಾಯಿ, ಸೀಬೆಹಣ್ಣು ತಿನ್ನುವುದು ಒಳ್ಳೆಯದೇ, ಅವುಗಳಿಂದ ಕೊರತೆ ನೀಗುತ್ತದೆ. ಜ್ವರದ ಜೊತೆ ಮೂತ್ರ ಕಡಿಮೆಯಾಗಿ, ಉಸಿರು ವೇಗವಾಗಿ, ಮಾತು ತೊದಲುತ್ತಿರುವವರನ್ನು ಕಷಾಯ, ಮಾತ್ರೆಗಳ ಮೇಲೆ ಇನ್ನೊಂದು ರಾತ್ರಿ ಮನೆಯಲ್ಲಿ ಇಟ್ಟುಕೊಂಡರೆ ಪ್ರಾಣಕ್ಕೇ ಅಪಾಯ.

ಈ ನಡುವೆ ತೀರ ಅನಿರೀಕ್ಷಿತವಾದ ಒಂದು ಅಭ್ಯರ್ಥಿ ಮುಂದೆ ಬಂದಿದೆ, ಎಲ್ಲರ ಮನೆಯ ಜ್ವರದ ಮಾತ್ರೆ ಪ್ಯಾರಸಿಟಮಾಲ್. ಸೆಪ್ಸಿಸ್‌ನಲ್ಲಿ ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ಹೊರಚೆಲ್ಲುತ್ತದೆ. ಹಾಗೆ ಬಿಡಿಯಾದ ಹಿಮೋಗ್ಲೋಬಿನ್ನಿನ ಕಬ್ಬಿಣ ಜೀವಕೋಶಗಳ ಕೊಬ್ಬಿನ ಪೊರೆಯನ್ನು ಸುಡುತ್ತದೆ. ಪ್ಯಾರಸಿಟಮಾಲ್ ಆ ಕಬ್ಬಿಣವನ್ನು ನಿರುಪದ್ರವಿ ಸ್ಥಿತಿಗೆ ಮರಳಿಸಬಲ್ಲದು. ಅಮೆರಿಕದ ‘ಆಸ್ಟರ್’ ಅಧ್ಯಯನ 447 ರೋಗಿಗಳಿಗೆ ಐದು ದಿನ ಡ್ರಿಪ್ಪಿನಲ್ಲಿ ಅದನ್ನು ಅಥವಾ ಹುಸಿಮದ್ದನ್ನು ಕೊಟ್ಟು 2024ರಲ್ಲಿ ಫಲಿತಾಂಶ ಹೇಳಿತು. ಅಂಗಗಳಿಗೆ ಯಂತ್ರದ ಆಸರೆಯಿಲ್ಲದೆ ಬದುಕಿದ ದಿನಗಳು ಒಂದು ಕಡೆ 20.2, ಇನ್ನೊಂದು ಕಡೆ 19.6, ಮುಖ್ಯ ಪ್ರಶ್ನೆಗೆ ಉತ್ತರ ಇಲ್ಲವೆಂದೇ. ಆದರೆ ಏಳು ದಿನಗಳೊಳಗೆ ಶ್ವಾಸಕೋಶ ತೀವ್ರವಾಗಿ ಕೆಟ್ಟದ್ದು ಪ್ಯಾರಸಿಟಮಾಲ್ ಗುಂಪಿನಲ್ಲಿ ಶೇ 2.2, ಹುಸಿಮದ್ದಿನ ಗುಂಪಿನಲ್ಲಿ ಶೇ 8.5.

ಸಿಟ್ರಿಸ್-ಅಲಿಯ ಹಾಗೆ ಇದೂ ಗೌಣ ಅಳತೆಯೊಂದರ ಆಮಿಷವಾಗಿರಬಹುದು. ಒಂದು ವ್ಯತ್ಯಾಸವಿದೆ: ಇಲ್ಲಿ ಮದ್ದು ಯಾವ ವಸ್ತುವಿನ ಮೇಲೆ ಕೆಲಸ ಮಾಡುತ್ತದೆಂಬುದು ಮೊದಲೇ ಗೊತ್ತಿದೆ, ಆ ವಸ್ತುವನ್ನು ರೋಗಿಯ ರಕ್ತದಲ್ಲಿ ಅಳೆಯಲೂ ಬರುತ್ತದೆ. ಹಿಂದಿನ ದೊಡ್ಡ ಅಧ್ಯಯನಗಳು ವಿಟಮಿನ್ ಸಿ ಕೊರತೆ ಇದ್ದವರನ್ನೂ ಇಲ್ಲದವರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಬಡಿಸಿದವು. ಪ್ಯಾರಸಿಟಮಾಲ್‌ಗೆ ನ್ಯಾಯ ಸಿಗಬೇಕಾದರೆ ಮುಂದಿನ ಅಧ್ಯಯನ ಮೊದಲು ಬಿಡಿ ಹಿಮೋಗ್ಲೋಬಿನ್ ಅಳೆದು, ಅದು ಏರಿದವರನ್ನಷ್ಟೇ ಸೇರಿಸಿಕೊಳ್ಳಬೇಕು. ಆ ಅಳತೆ ಗಂಟೆಯೊಳಗೆ ರೋಗಿಯ ಮಂಚದ ಬಳಿಯೇ ಸಿಗುವಂತಾಗಬೇಕು.